ಹೋಮ್‌ಸ್ಟೇ ಅತಿಥಿಗಳ ಆಧಾರ್ ಪ್ರತಿ: ಎಷ್ಟು ಪಡೆಯಬೇಕು, ಎಲ್ಲಿಡಬೇಕು, ಯಾವಾಗ ಅಳಿಸಬೇಕು

ಮೂಡಿಗೆರೆ, ಕಳಸ, ಕೊಪ್ಪ, ಸಕಲೇಶಪುರ, ಎಲ್ಲಿ ರೂಮ್ ಬುಕ್ ಮಾಡಿದರೂ ಬರುವ ಮೊದಲ ಮೆಸೇಜ್ ಹೆಚ್ಚುಕಮ್ಮಿ ಒಂದೇ: "ಎಲ್ಲರ ಆಧಾರ್ ಫೋಟೊ ವಾಟ್ಸಾಪ್ ಮಾಡಿ." ಆ ಫೋಟೊ ಮಾಲೀಕರ ಫೋನಿಗೆ ಬಂದು, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ಎಸ್ಟೇಟ್ ರೈಟರ್ ಫೋನಿಗೆ ಫಾರ್ವರ್ಡ್ ಆಗಿ, ಅಲ್ಲಿಂದ ರೂಮು ನೋಡಿಕೊಳ್ಳುವ ಹುಡುಗನ ಫೋನಿಗೂ ಹೋಗುತ್ತದೆ. ಮೂವರ ಫೋನಿನಲ್ಲೂ ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಆಗಿದ್ದರೆ, ಭಾನುವಾರ ಮಧ್ಯಾಹ್ನ ಅತಿಥಿ ಬೆಂಗಳೂರಿಗೆ ಹೊರಟ ಮೇಲೂ ಅವರ ಆಧಾರ್ ಮೂರು ಫೋನು, ಮೂರು ಗೂಗಲ್ ಖಾತೆಗಳಲ್ಲಿ ಉಳಿದುಬಿಡುತ್ತದೆ. ಹುಡುಗ ಕೆಲಸ ಬಿಟ್ಟು ಹೋದರೆ ಅವನ ಜೊತೆ ಅದೂ ಹೋಯಿತು.

ಇದಕ್ಕೆ ಈಗ ಕಾನೂನಿನ ಹೊಣೆ ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗಿದ್ದು 2023ರಲ್ಲಿ. ಅದರ ನಿಯಮಗಳು ಪ್ರಕಟವಾದದ್ದು ನವೆಂಬರ್ 2025ರಲ್ಲಿ. ಆ ಅಧಿಸೂಚನೆಯಂತೆ ವ್ಯವಹಾರಸ್ಥರ ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ ಮೇ 2027ರಿಂದ ಜಾರಿ. ಎರಡು ರೂಮಿನ ಹೋಮ್‌ಸ್ಟೇ ಎಂಬ ಕಾರಣಕ್ಕೆ ತಾನಾಗಿಯೇ ವಿನಾಯಿತಿ ಸಿಗುವುದಿಲ್ಲ. ಮಾಹಿತಿಯನ್ನು ಸರಿಯಾಗಿ ಕಾಯದೆ ಸೋರಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ದಂಡ ನಿಗದಿ ಮಾಡುವಾಗ ಈ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿ ತಪ್ಪಿನ ಗಾತ್ರವನ್ನೂ, ಹಾನಿ ತಗ್ಗಿಸಲು ನೀವು ಏನು ಮಾಡಿದಿರಿ ಎಂಬುದನ್ನೂ ನೋಡಬೇಕು. ಹಾಗಾಗಿ ಆ ಅಂಕಿಗೆ ಹೆದರಿ ಕೂರುವುದಕ್ಕಿಂತ ಈಗಲೇ ಮನೆ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಕಡಿಮೆ ತೆಗೆದುಕೊಳ್ಳಿ

ನಿಯಮಗಳಲ್ಲಿ ಹಲವರ ಗಮನಕ್ಕೆ ಬಾರದ ಒಂದು ಮಾತಿದೆ: ಡಿಜಿಟಲ್ ಆಗಿ ಪಡೆದ ಮಾಹಿತಿಯನ್ನೂ ಅದರ ಲಾಗ್‌ಗಳನ್ನೂ (ಅದನ್ನು ಯಾವಾಗ, ಹೇಗೆ ಬಳಸಿದಿರಿ ಎಂಬ ದಾಖಲೆ) ಕನಿಷ್ಠ ಒಂದು ವರ್ಷ ಇಡಬೇಕು, ಬೇರೆ ಕಾನೂನು ಕೇಳದಿದ್ದರೆ ನಂತರ ಅಳಿಸಬೇಕು. ಅಂದರೆ ಪಡೆದು ಮಾರನೇ ದಿನ ಅಳಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಒಮ್ಮೆ ಪಡೆದ ಮೇಲೆ ವರ್ಷಪೂರ್ತಿ ಕಾಯುವ ಕೆಲಸ ನಿಮ್ಮದೇ. ಬೇಡದ್ದನ್ನು ಪಡೆಯದೇ ಇರುವುದು ಇದಕ್ಕೇ ಮುಖ್ಯ.

ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ಪುಸ್ತಕದಲ್ಲಿ ಪೆನ್ನಿನಿಂದ ಬರೆದದ್ದು ಅದರ ವ್ಯಾಪ್ತಿಗೆ ಬರುವುದಿಲ್ಲ. ಆ ಪುಟದ ಫೋಟೊ ಹೊಡೆದಿರೋ, ಎಕ್ಸೆಲ್‌ಗೆ ಹಾಕಿದಿರೋ, ಅಲ್ಲಿಂದ ಬರುತ್ತದೆ. ಆದ್ದರಿಂದ ಹಳೆಯ ಅತಿಥಿ ರಿಜಿಸ್ಟರೇ ಬಹುಪಾಲು ಕೆಲಸಕ್ಕೆ ಸಾಕು: ಅತಿಥಿ ಬಂದಾಗ ಮೂಲ ಗುರುತಿನ ಚೀಟಿ ನೋಡಿ, ಮುಖ ತಾಳೆ ಹಾಕಿ, ಹೆಸರು, ಊರು, ಫೋನ್, ಬಂದ ಮತ್ತು ಹೊರಡುವ ದಿನಾಂಕ, ಯಾವ ಚೀಟಿ ಮತ್ತು ಅದರ ಕೊನೆಯ 4 ಅಂಕಿ ಬರೆದು ಸಹಿ ಹಾಕಿಸಿ. ನಿಮ್ಮ ಠಾಣೆಯವರು ಚೀಟಿಯ ಪ್ರತಿ ಇಡಲೇಬೇಕೆಂದು ಹೇಳಿದ್ದರೆ ಆ ಸೂಚನೆಯನ್ನು ಬರಹದಲ್ಲಿ ಕೇಳಿ ಪಡೆದು ಫೈಲಿನಲ್ಲಿಡಿ.

ಪ್ರತಿ ಬೇಕೇಬೇಕಾದಾಗ ಮಾಸ್ಕ್ಡ್ ಆಧಾರ್ ಕೇಳಿ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ಮೈಆಧಾರ್ ಜಾಲತಾಣದಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡುವಾಗಲೇ ಮಾಸ್ಕ್ಡ್ ಪ್ರತಿ ಆರಿಸಿಕೊಳ್ಳಬಹುದು. ಒಟಿಪಿ ಬೇಕಾದ್ದರಿಂದ ಅತಿಥಿ ಊರು ಬಿಡುವ ಮೊದಲೇ ಇದನ್ನು ಹೇಳಿ. ಘಾಟಿ ಹತ್ತಿದ ಮೇಲೆ ಸಿಗ್ನಲ್ ಹುಡುಕಿಕೊಂಡು ನಿಲ್ಲುವಂತಾಗಬಾರದು. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಕೊಟ್ಟರೂ ತೆಗೆದುಕೊಳ್ಳಿ. ಆಧಾರೇ ಬೇಕೆಂದು ಹಠ ಹಿಡಿಯುವ ಅಗತ್ಯವಿಲ್ಲ.

ಮಕ್ಕಳ ಚೀಟಿಯ ಫೋಟೊ ಕೇಳಲೇಬೇಡಿ. 18 ತುಂಬದವರ ಡಿಜಿಟಲ್ ಮಾಹಿತಿಗೆ ತಂದೆತಾಯಿಯ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ರಿಜಿಸ್ಟರಿನಲ್ಲಿ ಹೆತ್ತವರ ಹೆಸರಿನ ಪಕ್ಕ "ಮಕ್ಕಳು 2" ಎಂದು ಬರೆದರೆ ಆಯಿತು.

ವಿದೇಶಿ ಅತಿಥಿಗಳ ವಿಷಯ ಬೇರೆ. ಅವರು ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ ವಿವರವನ್ನು ವಲಸೆ ಇಲಾಖೆಗೆ ಆನ್‌ಲೈನ್‌ನಲ್ಲಿ ಕೊಡುವುದು ಕಡ್ಡಾಯ. ಹೀಗೆ ಕಾನೂನೇ ಸರ್ಕಾರಕ್ಕೆ ಕೊಡು ಎನ್ನುವ ಮಾಹಿತಿಗೆ ಪ್ರತ್ಯೇಕ ಒಪ್ಪಿಗೆ ಬೇಕಿಲ್ಲ.

ತಿಳುವಳಿಕೆ ಪತ್ರ

ಏನು ಪಡೆಯುತ್ತೀರಿ, ಯಾಕೆ ಎಂಬುದನ್ನು ಅತಿಥಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು. ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಅವರಿಗಿರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಬುಕಿಂಗ್ ಖಾತ್ರಿಯಾದ ಕೂಡಲೇ ಹೋಗುವ ಮೆಸೇಜ್ ಹೀಗಿರಲಿ:

"ನಿಮ್ಮ ಹೆಸರು, ಫೋನ್ ನಂಬರ್ ಬುಕಿಂಗ್‌ಗಾಗಿ, ಒಂದು ಗುರುತಿನ ಚೀಟಿಯ ಪ್ರತಿ ಪೊಲೀಸ್ ಪರಿಶೀಲನೆಗಾಗಿ ಪಡೆಯುತ್ತೇವೆ. ಒಂದು ವರ್ಷ ಇಟ್ಟು ಅಳಿಸುತ್ತೇವೆ. ಒಪ್ಪಿಗೆ ಹಿಂಪಡೆಯಲು, ತಿದ್ದಿಸಲು ಅಥವಾ ದೂರಿಗೆ ಈ ನಂಬರಿಗೆ ಮೆಸೇಜ್ ಮಾಡಿ. ನಮ್ಮಿಂದ ಪರಿಹಾರ ಸಿಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಬಹುದು. ಒಪ್ಪಿಗೆ ಇದ್ದರೆ 'ಒಪ್ಪಿದೆ' ಎಂದು ಉತ್ತರಿಸಿ."

ಆ ಉತ್ತರ ಜೋಪಾನ. ತಕರಾರು ಬಂದರೆ ತಿಳಿಸಿದ್ದೆ, ಒಪ್ಪಿಗೆ ಪಡೆದಿದ್ದೆ ಎಂದು ಸಾಬೀತು ಮಾಡಬೇಕಾದವರು ನೀವೇ. ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ: ರೂಮಿಗೆಂದು ಕೊಟ್ಟ ನಂಬರನ್ನು ಮಳೆಗಾಲದ ಆಫರ್ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಿಬಿಡುತ್ತಾರೆ. ಅದು ಬೇರೆ ಉದ್ದೇಶ, ಅದಕ್ಕೆ ಬೇರೆ ಒಪ್ಪಿಗೆ. ಕ್ಯಾಂಪ್‌ಫೈರ್ ಸುತ್ತ ಕೂತ ಅತಿಥಿಗಳ ಫೋಟೊವನ್ನು ಇನ್‌ಸ್ಟಾಗ್ರಾಮ್‌ಗೆ ಹಾಕುವುದಕ್ಕೂ ಅಷ್ಟೇ.

ಫೋನ್ ಸರಿಪಡಿಸುವುದು

ಇದೇ ಎಲ್ಲಕ್ಕಿಂತ ಮುಖ್ಯ, ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಹೋಮ್‌ಸ್ಟೇಗೆಂದೇ ಒಂದು ಫೋನ್, ಒಂದು ಜಿಮೇಲ್ ಮಾಡಿ, ಆ ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ಚೀಟಿಗಳು ಆ ನಂಬರಿಗೆ ಮಾತ್ರ ಬರಲಿ, ಮುಂದಕ್ಕೆ ಫಾರ್ವರ್ಡ್ ಬೇಡ. ರೈಟರ್‌ಗೆ ಬೇಕಾದದ್ದು ಹೆಸರು, ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದಷ್ಟೇ.

ಆಂಡ್ರಾಯ್ಡ್ ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್‌ಗೆ ಹೋಗಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಇದು ಮುಂದೆ ಬರುವ ಫೋಟೊಗಳನ್ನಷ್ಟೇ ಗ್ಯಾಲರಿಯಿಂದ ದೂರವಿಡುತ್ತದೆ. ಹಳೆಯವು ಅಲ್ಲೇ ಇರುತ್ತವೆ, ಕೈಯಾರೆ ತೆಗೆಯಬೇಕು. ಆಮೇಲೆ ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗಿನಲ್ಲಿ ವಾಟ್ಸಾಪ್ ಇಮೇಜಸ್ ಫೋಲ್ಡರ್ ಆಫ್ ಮಾಡಿ. ಅಳಿಸಿದ ಫೋಟೊ ಟ್ರ್ಯಾಶ್‌ನಲ್ಲಿ 60 ದಿನದವರೆಗೂ ಕೂತಿರುತ್ತದೆ, ಅದನ್ನೂ ಖಾಲಿ ಮಾಡಿ. ವಾಟ್ಸಾಪ್ ಚಾಟ್ ಬ್ಯಾಕಪ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಆನ್ ಮಾಡಿ. ಇಷ್ಟನ್ನೂ ಹಿಂದೆ ಚೀಟಿ ಫಾರ್ವರ್ಡ್ ಆಗಿದ್ದ ಎಲ್ಲ ಫೋನಿನಲ್ಲೂ ಮಾಡಬೇಕು.

ಇಡಬೇಕಾದ ಪ್ರತಿಯನ್ನು ಹೋಮ್‌ಸ್ಟೇ ಜಿಮೇಲ್‌ನ ಡ್ರೈವ್‌ನಲ್ಲಿ "2027 ಜೂನ್" ಎಂಬಂತೆ ತಿಂಗಳಿಗೊಂದು ಫೋಲ್ಡರ್ ಮಾಡಿ ಹಾಕಿ, ಚಾಟ್‌ನಲ್ಲಿರುವ ನಕಲು ಅಳಿಸಿ. ಪ್ರತಿ ತಿಂಗಳ ಮೊದಲ ವಾರ, ವರ್ಷ ತುಂಬಿದ ಫೋಲ್ಡರನ್ನು ಇಡಿಯಾಗಿ ತೆಗೆದುಹಾಕಿ.

ಸಿಸಿಟಿವಿ ಗೇಟು, ಪಾರ್ಕಿಂಗ್, ಹೊರಜಗಲಿಗೆ ಸಾಕು. ಕ್ಯಾಮೆರಾ ಇದೆ ಎಂದು ಬೋರ್ಡ್ ಹಾಕಿ, ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ರೂಮು, ಬಚ್ಚಲಿನತ್ತ ಕ್ಯಾಮೆರಾ ತಿರುಗಿತೆಂದರೆ ಅದು ಜೈಲಿನ ಮಾತು: ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ಸೆರೆಹಿಡಿಯುವುದಕ್ಕೆ ಐಟಿ ಕಾಯ್ದೆಯ 66ಇ ಕಲಂ ಪ್ರಕಾರ 3 ವರ್ಷದವರೆಗೆ ಶಿಕ್ಷೆಯಿದೆ.

ಫೋನ್ ಕಳೆದುಹೋದರೆ

ಗೂಗಲ್‌ನ ಫೋನ್ ಹುಡುಕುವ ಸೇವೆಯಿಂದ ಮೊದಲು ಲಾಕ್ ಮಾಡಿ, ಸಿಗುವ ಆಸೆ ಇಲ್ಲದಿದ್ದರೆ ಪೂರ್ತಿ ಅಳಿಸಿ. ಸಿಮ್ ಬ್ಲಾಕ್ ಮಾಡಿಸಿ. ಪೊಲೀಸ್ ದೂರಿನ ಪ್ರತಿ ಹಿಡಿದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ (ಫೋನಿನ ಗುರುತು ಸಂಖ್ಯೆ) ತಡೆಹಿಡಿಸಿ. ಜಿಮೇಲ್ ಪಾಸ್‌ವರ್ಡ್ ಬದಲಿಸಿ.

ನಂತರ ಅತಿಥಿಗಳಿಗೆ ತಿಳಿಸುವ ಕೆಲಸ. ಹೊಸ ನಿಯಮದಂತೆ ಮಾಹಿತಿ ಸೋರಿದ್ದು ಗೊತ್ತಾದ ಕೂಡಲೇ, ಅದರಿಂದ ತೊಂದರೆಗೊಳಗಾಗುವವರಿಗೂ ಮಂಡಳಿಗೂ ತಿಳಿಸಬೇಕು. ಮಂಡಳಿಗೆ ಪೂರ್ತಿ ವಿವರ 72 ಗಂಟೆಯೊಳಗೆ ಹೋಗಬೇಕು. ಮುಚ್ಚಿಟ್ಟರೆ ಅದಕ್ಕೇ ಬೇರೆ ದಂಡ, ಗರಿಷ್ಠ 200 ಕೋಟಿ. ಮೆಸೇಜಿನಲ್ಲಿ ಏನಾಯಿತು, ಯಾವ ಮಾಹಿತಿ ಹೋಗಿರಬಹುದು, ಏನು ಅಪಾಯ, ನೀವೇನು ಮಾಡಿದ್ದೀರಿ, ಅವರು ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬುದಿರಲಿ. ಆಧಾರ್ ಪ್ರತಿ ಹೋಗಿದ್ದರೆ ಅವರ ಆಧಾರ್‌ನ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಕೊಳ್ಳಲು ಹೇಳಿ. ಅಂದು ಯಾರಿಗೆ ತಿಳಿಸಬೇಕೆಂಬ ಪಟ್ಟಿ ಕಳೆದ ಫೋನಿನಲ್ಲೇ ಇದ್ದರೆ ಕೈಕಟ್ಟಿದಂತೆ. ಹೆಸರು, ನಂಬರು ಬರೆದ ರಿಜಿಸ್ಟರನ್ನು ಬೀಗ ಹಾಕುವ ಬೀರುವಿನಲ್ಲಿಡಿ.