ಸಮುದ್ರ ಆಮೇಲೆ, ಮೊದಲು ಘಾಟಿ ನೋಡಿ

"ಅಕ್ಕ, ಯಾವ ಬೀಚ್ ಚೆನ್ನಾಗಿದೆ?" ಎಂದು ಫೋನ್ ಮಾಡುವವರಿಗೆ ನಾನು ತಿರುಗಿ ಕೇಳುವುದು ಒಂದೇ, "ಯಾವ ತಿಂಗಳು ಹೊರಡ್ತೀರಿ?" ಬೇಲೂರಿನಲ್ಲಿ ನಮ್ಮದೊಂದು ಬಾಡಿಗೆ ಕಾರಿದೆ. ಓಡಿಸುವುದು ನಮ್ಮ ಮನೆಯವರು. ಬುಕಿಂಗ್ ಹಿಡಿಯುವುದು, ದಾರಿ ಗೊತ್ತು ಮಾಡುವುದು, ಮಧ್ಯಾಹ್ನ ಫೋನ್ ಮಾಡಿ "ಇನ್ನು ಹೊರಡಿ" ಎಂದು ಗದರುವುದು ನನ್ನ ಪಾಲು. ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವ ಪ್ಲಾನ್ ಆದರೆ ಬೀಚನ್ನು ಕೊನೆಗೆ ಆರಿಸಿ. ಸಮುದ್ರ ಎಲ್ಲೂ ಹೋಗುವುದಿಲ್ಲ. ಬಂದ್ ಆಗುವುದು ಘಾಟಿ. ಇಳಿಯಲು ಒಂದು ಘಾಟಿ, ಹತ್ತಲು ಇನ್ನೊಂದು ಘಾಟಿ ಗೊತ್ತಾದ ಮೇಲೆ, ಆ ಘಾಟಿಯ ಬುಡಕ್ಕೆ ಯಾವ ಸಮುದ್ರ ಹತ್ತಿರವೋ ಅದೇ ನಿಮ್ಮ ಬೀಚ್.

ದಾರಿ ಬಂದ್ ಎಂದ ಕೂಡಲೇ ಟ್ರಿಪ್ ಕ್ಯಾನ್ಸಲ್ ಮಾಡಬೇಡಿ. ಯಾಕೆ ಬಂದ್ ಎಂದು ಕೇಳಿ. ಮರ ಬಿದ್ದಿದ್ದರೆ ಕೊಯ್ದು ಎಳೆದು ಹಾಕುತ್ತಾರೆ, ಒಂದೆರಡು ಗಂಟೆಯ ಮಾತು. ಕಾಫಿ ಕುಡಿದು ಕಾಯಬಹುದು. ಸಕಲೇಶಪುರದಿಂದ ಮಂಗಳೂರಿನ ಕಡೆ ಇಳಿಯುವ ಶಿರಾಡಿ ಘಾಟಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿದೆ ಅಂದರೆ ಆ ದಿನ ಅದರ ಆಸೆ ಬಿಡಿ. ಬೇರೆ ಟ್ಯಾಂಕರಿಗೆ ಗ್ಯಾಸ್ ತುಂಬಿಸಿ ತೆರವು ಮಾಡುವವರೆಗೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ರಸ್ತೆ ಕೆಲಸವಾದರೆ ಮೊದಲೇ ತಾರೀಖು ಹೇಳುತ್ತಾರೆ. ಗುಡ್ಡ ಕುಸಿದರೆ ಮಾತ್ರ ಲೆಕ್ಕ ಇಡುವುದು ಕಷ್ಟ. 2018ರಲ್ಲಿ ಶಿರಾಡಿಯನ್ನು ಕಾಂಕ್ರೀಟ್ ಕೆಲಸಕ್ಕೆಂದು ಜನವರಿಯಲ್ಲಿ ಮುಚ್ಚಿ ಜುಲೈನಲ್ಲಿ ತೆರೆದರು. ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಆಗ ಮಡಿಕೇರಿ ಕಡೆಯ ಸಂಪಾಜೆ ದಾರಿಯೂ ಹೋಗಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆಯಿಂದ ಇಳಿಯುವ ಚಾರ್ಮಾಡಿ ಘಾಟಿಯ ಸರದಿ, ತಿಂಗಳುಗಟ್ಟಲೆ. 2024ರ ಜುಲೈನಲ್ಲಿ ಸಕಲೇಶಪುರ ದಾಟಿದ ಮೇಲೆ ದೊಡ್ಡತಪ್ಪಲಿನಲ್ಲಿ ಹೆದ್ದಾರಿಗೆ ಮಣ್ಣು ಬಂತು. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಘಾಟಿಯ ಮೇಲೂ ನಾನು ಪೂರ್ತಿ ನಂಬಿಕೆ ಇಡುವುದಿಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿದ್ದರೆ, ಅಂದರೆ ದಿನಕ್ಕೆ 204 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬರಬಹುದು ಎಂದಿದ್ದರೆ, ಬಾಡಿಗೆ ಎಷ್ಟೇ ಕೊಟ್ಟರೂ ಬೇಡ ಅಂತೀನಿ.

ಇನ್ನು ವಿಚಾರಿಸುವುದು ಹೇಗೆ? ಘಾಟಿ ಮುಚ್ಚುವ ಆದೇಶ ಹೊರಡಿಸುವುದು ಜಿಲ್ಲಾಧಿಕಾರಿ. ಚಾರ್ಮಾಡಿಯ ತಲೆ ಚಿಕ್ಕಮಗಳೂರು ಜಿಲ್ಲೆ, ಬುಡ ದಕ್ಷಿಣ ಕನ್ನಡ. ಶಿರಾಡಿಗೆ ಮೇಲೆ ಹಾಸನ, ಕೆಳಗೆ ಮತ್ತೆ ದಕ್ಷಿಣ ಕನ್ನಡ. ಹಾಗಾಗಿ ಎರಡೂ ಜಿಲ್ಲೆಯ ಸುದ್ದಿ ನೋಡಬೇಕು. ಆದೇಶವನ್ನು ಪೂರ್ತಿ ಓದಿ. ವಾಟ್ಸಾಪ್‌ನಲ್ಲಿ "ಘಾಟಿ ಬಂದ್" ಎಂದಷ್ಟೇ ಬಂದಿರುತ್ತದೆ. ಒಳಗೆ ನೋಡಿದರೆ ಭಾರಿ ವಾಹನಕ್ಕೆ ಮಾತ್ರ ನಿಷೇಧ, ಇಲ್ಲವೇ ರಾತ್ರಿ ಮಾತ್ರ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಬರೆದಿಟ್ಟುಕೊಳ್ಳಿ, ಅದು ವರ್ಷ ವರ್ಷ ಬದಲಾಗುತ್ತದೆ. ಆಗುಂಬೆಯಲ್ಲೂ ಮಳೆಗಾಲದಲ್ಲಿ ಭಾರಿ ವಾಹನ ನಿಲ್ಲಿಸುತ್ತಾರೆ, ಕಾರಿಗೆ ತೊಂದರೆ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಗ್ಯಾರಂಟಿ ಅನ್ನಿಸುವುದು ಬಸ್ ಸ್ಟ್ಯಾಂಡ್. ಧರ್ಮಸ್ಥಳದ ಕಡೆಯಿಂದ ಬರುವ ಬಸ್ಸು ಬಂತಾ, ಟೈಮಿಗೆ ಬಂತಾ ಎಂದು ಕೇಳಿ. ಕೆಳಗಿನಿಂದ ಬಸ್ಸು ಬಂದಿದೆ ಅಂದರೆ ದಾರಿ ಇದೆ. ಕಂಡಕ್ಟರ್ ಮುಖ ನೋಡಿದರೆ ಜಾಮ್ ಎಷ್ಟಿತ್ತು ಅನ್ನುವುದೂ ತಿಳಿಯುತ್ತದೆ! ಫೋನಿನ ಮ್ಯಾಪ್ ಜಾಮ್ ತೋರಿಸಲು ಪರವಾಗಿಲ್ಲ. ಘಾಟಿ ಬಂದ್ ಆದಾಗ ಅದು ಹುಡುಕಿ ಕೊಡುವ ಎಸ್ಟೇಟ್ ದಾರಿಗಳಿಗೆ ಮಾತ್ರ ಇಳಿಯಬೇಡಿ.

ಈಗ ಜೋಡಿ ಹಾಕೋಣ. ಬೇಲೂರಿನವರಿಗೆ ಚಾರ್ಮಾಡಿ ನೇರ ದಾರಿ. ಮೂಡಿಗೆರೆ, ಬಣಕಲ್ ಮೇಲೆ ಕೊಟ್ಟಿಗೆಹಾರ. ಅಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಡಿಮೆ. ತಿನ್ನುತ್ತಲೇ ಕೊನೆಯ ತೀರ್ಮಾನ ಮಾಡಿ, ಯಾಕೆಂದರೆ ದಾರಿ ಒಡೆಯುವುದು ಅಲ್ಲೇ. ನೇರ ಹೋದರೆ ಚಾರ್ಮಾಡಿ. ಬಲಕ್ಕೆ ತಿರುಗಿದರೆ ಕಳಸ, ಕುದುರೆಮುಖ, ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ), ಬಜಗೋಳಿ, ಕಾರ್ಕಳ. ಚಾರ್ಮಾಡಿಯಲ್ಲಿ ಮರ ಬಿದ್ದ ದಿನ ಈ ಎರಡನೇ ದಾರಿ ಕೈ ಹಿಡಿಯುತ್ತದೆ. ದೂರ ಜಾಸ್ತಿ, ತಿರುವೂ ಜಾಸ್ತಿ, ಆದರೆ ನೋಟಕ್ಕೆ ಇದರ ಮುಂದೆ ಬೇರೆ ಯಾವುದೂ ಇಲ್ಲ. ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿನಲ್ಲಿ ಟೈಮ್ ಬರೆದು ಚೀಟಿ ಕೊಡುತ್ತಾರೆ, ನಡುವೆ ಇಳಿದು ಊಟಕ್ಕೆ ಕೂರುವಂತಿಲ್ಲ. ರಾತ್ರಿ ಬಿಡುವುದಿಲ್ಲ. ವಾಪಸ್ ಬರಲು ಇದನ್ನು ನೆಚ್ಚಿಕೊಳ್ಳಬೇಡಿ.

ಚಾರ್ಮಾಡಿ ಇಳಿದರೆ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ. ಅಲ್ಲಿಂದ ಜನ ಸುಮ್ನೆ ಮಂಗಳೂರಿಗೆ ನುಗ್ಗಿ ಪಣಂಬೂರಿನ ಗದ್ದಲದಲ್ಲಿ ನಿಲ್ಲುತ್ತಾರೆ. ನಾನಾದರೆ ಕಾರ್ಕಳದ ಮೇಲೆ ಪಡುಬಿದ್ರಿಗೆ ಕಳಿಸುತ್ತೇನೆ. ಕುದುರೆಮುಖದಿಂದ ಇಳಿದವರೂ ಕಾರ್ಕಳದಲ್ಲೇ ಬಂದು ಸೇರುತ್ತಾರಲ್ಲ, ಪ್ಲಾನ್ ಕೆಡುವುದಿಲ್ಲ. ಪಡುಬಿದ್ರಿಯ ಎಂಡ್ ಪಾಯಿಂಟ್ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಪಡೆದ ಬೀಚ್. ಅಲ್ಲಿಂದ ಹೆದ್ದಾರಿ 66ರಲ್ಲಿ ಸ್ವಲ್ಪ ಉತ್ತರಕ್ಕೆ ಹೋದರೆ ಕಾಪು. ಬಂಡೆಯ ಮೇಲಿನ ದೀಪಸ್ತಂಭ 1901ರದು. ವಯಸ್ಸಾದವರು ಕಾರಿನಲ್ಲಿ ಬೀಚಿನ ಹತ್ತಿರದವರೆಗೂ ಹೋಗಬಹುದು.

ಹಾಸನ, ಆಲೂರು, ಸಕಲೇಶಪುರದವರಿಗೆ ಶಿರಾಡಿ. ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್ ದಾಟಿದರೆ ಮಂಗಳೂರು. ಅವರಿಗೆ ಸುರತ್ಕಲ್, ಇಲ್ಲವೇ ಇನ್ನೂ ಸ್ವಲ್ಪ ಮುಂದೆ ಸಸಿಹಿತ್ಲು. ನಂದಿನಿ ಮತ್ತು ಶಾಂಭವಿ ನದಿಗಳು ಸಮುದ್ರ ಸೇರುವ ಜಾಗ ಅದು. ಕೊಪ್ಪ, ಶೃಂಗೇರಿಯವರಿಗೆ ಆಗುಂಬೆಯ 14 ತಿರುವು ಇಳಿದರೆ ಹೆಬ್ರಿ, ಉಡುಪಿ, ಮಲ್ಪೆ. ಮರವಂತೆಯನ್ನೂ ಒಂದು ದಿನದಲ್ಲಿ ನೋಡಿ ಬರುವುದು ಅವರಿಗೆ ಸಾಧ್ಯ. ಬೇಲೂರಿನಿಂದ ಹೊರಟು ಮರವಂತೆ ಮುಟ್ಟಿ ಅದೇ ದಿನ ಬರುತ್ತೇವೆ ಅನ್ನುವವರಿಗೆ ನಾನು ರೂಮ್ ಮಾಡಿ ಅನ್ನುತ್ತೇನೆ.

ಒಂದು ಘಾಟಿ ಬಂದ್ ಆದರೆ ಅದರ ಗಾಡಿಗಳೆಲ್ಲ ಪಕ್ಕದ ಘಾಟಿಗೆ ಬರುತ್ತವೆ. ಶಿರಾಡಿ ಮುಚ್ಚಿದ ದಿನ ಚಾರ್ಮಾಡಿಗೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಶಿವರಾತ್ರಿ ಹೊತ್ತಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ಚಾರ್ಮಾಡಿ ತುಂಬಾ ಇರುತ್ತಾರೆ, ಆಗಲೂ ಅಷ್ಟೇ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ದಿನ ಪೇಟೆಯೊಳಗೆ ಕಾರು ತರುವ ಯೋಚನೆಯೇ ಬೇಡ.

ಟೈಮಿನ ವಿಷಯಕ್ಕೆ ಬಂದರೆ, ಎಲ್ಲರಿಗೂ ಸೂರ್ಯಾಸ್ತ ಬೇಕು. ಅಲ್ವಾ? ಆದರೆ ರಾತ್ರಿ ನಿಷೇಧ ಇರುವಾಗ ಆರೂವರೆಗೆ ಕಾಪುವಿನಲ್ಲಿ ನಿಂತವರು ಆ ರಾತ್ರಿ ಉಜಿರೆಯಲ್ಲೇ ಲಾಡ್ಜ್ ಹುಡುಕಬೇಕು. ಅದಕ್ಕೆ ಬೆಳಗ್ಗೆ ಐದಕ್ಕೆ ಹೊರಡಿ. ಆರೂವರೆ ಹೊತ್ತಿಗೆ ಕೊಟ್ಟಿಗೆಹಾರ. ಬೆಳಗಿನ ಮಂಜು ದಟ್ಟವಾಗಿದ್ದರೆ ಕರಗುವವರೆಗೆ ಅಲ್ಲೇ ಕೂತಿರಿ. ಹತ್ತೂವರೆ, ಹನ್ನೊಂದಕ್ಕೆ ಮರಳಿನ ಮೇಲೆ ಇರುತ್ತೀರಿ. ವಾಂತಿ ಮಾಡುವ ಮಕ್ಕಳಿದ್ದರೆ ದೋಸೆ ಕಡಿಮೆ ಕೊಡಿ, ಮುಂದಿನ ಸೀಟು ಕೊಡಿ. ಪೆಟ್ರೋಲ್ ಮೂಡಿಗೆರೆಯಲ್ಲೇ ತುಂಬಿಸಿ. ಚಾರ್ಮಾಡಿಯ ಆಲೇಖಾನ್ ಝರಿ ಹತ್ತಿರ ತಿರುವಿನಲ್ಲಿ ಕಾರು ನಿಲ್ಲಿಸಿ ಕುಣಿಯುವವರ ಜೊತೆ ಸೇರಬೇಡಿ. ಪೊಲೀಸರು ದಂಡ ಹಾಕಿದರೆ ನನಗಂತೂ ಸಂತೋಷ.

ಮೀನೂಟಕ್ಕೆಂದೇ ಹೋಗುವವರು ಜೂನ್, ಜುಲೈ ಬಿಟ್ಟು ಹೋಗಿ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ತಾಜಾ ಮೀನು ಕಡಿಮೆ, ರೇಟು ಜಾಸ್ತಿ. ಸೇಂಟ್ ಮೇರಿ ದ್ವೀಪದ ಬೋಟ್ ಕೂಡ ಮಳೆಗಾಲದಲ್ಲಿ ಇಲ್ಲ.

ಮಧ್ಯಾಹ್ನ ಎರಡೂವರೆಗೆ ಊಟ ಮುಗಿಸಿ ಮತ್ತೊಮ್ಮೆ ಘಾಟಿ ವಿಚಾರಿಸಿ, ಮೂರಕ್ಕೆ ಕಾರು ಹತ್ತಿ. ಉಜಿರೆ ತಲುಪಿದಾಗ ಚಾರ್ಮಾಡಿ ಬಂದ್ ಎಂದು ತಿಳಿದರೆ ಅಲ್ಲೇ ಬಲಕ್ಕೆ ಧರ್ಮಸ್ಥಳದ ದಾರಿ ಹಿಡಿಯಿರಿ. ಕೊಕ್ಕಡದ ಮೇಲೆ ಪೆರಿಯಶಾಂತಿಯಲ್ಲಿ ಹೆದ್ದಾರಿ 75 ಸಿಗುತ್ತದೆ, ಎಡಕ್ಕೆ ತಿರುಗಿದರೆ ಗುಂಡ್ಯ, ಶಿರಾಡಿ, ಸಕಲೇಶಪುರ. ಮೂಡಿಗೆರೆಯವರು ಸಕಲೇಶಪುರದಿಂದ ಹಾನುಬಾಳಿನ ಮೇಲೆ ಮನೆ ಸೇರಬಹುದು. ಎರಡೂ ಘಾಟಿ ಮುಚ್ಚಿದ್ದರೆ ಧರ್ಮಸ್ಥಳದಲ್ಲೇ ಉಳಿಯಿರಿ. ಊಟಕ್ಕಂತೂ ಅಲ್ಲಿ ಚಿಂತೆ ಇಲ್ಲ, ರೂಮಿಗೆ ಕತ್ತಲಾಗುವ ಮೊದಲೇ ಕೇಳಿ.