ಅಂಕುಡೊಂಕಾದ ಈಜುಕೊಳಕ್ಕೆ ಸೋಲಾರ್ ಕವರ್ ಹೊಂದಿಸುವುದು ಹೇಗೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇಗಳಲ್ಲಿ ಗೋಡಂಬಿ ಆಕಾರದ ಈಜುಕೊಳಗಳು ಸಾಕಷ್ಟಿವೆ. ಡಿಸೆಂಬರ್, ಜನವರಿಯಲ್ಲಿ ಅವುಗಳ ನೀರಿಗೆ ಕಾಲಿಡುವುದೂ ಕಷ್ಟ. ಗುಳ್ಳೆಗಳಿರುವ ಪ್ಲಾಸ್ಟಿಕ್ಕಿನ ಸೋಲಾರ್ ಕವರ್ ಹಾಸಿದರೆ ಕರೆಂಟಿಲ್ಲದೆ ನೀರು ಬೆಚ್ಚಗಾಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಕವರ್ ಆಯತಾಕಾರದ್ದು. ಅದನ್ನು ಕೊಳದ ತಿರುವುಗಳಿಗೆ ಸರಿಯಾಗಿ ಕೂರಿಸುವುದರಲ್ಲೇ ಎಲ್ಲ ಕೆಲಸ ಇರುವುದು.

ಕವರ್ ಬಿಸಿಲನ್ನು ಒಳಕ್ಕೆ ಬಿಡುತ್ತದೆ, ನಿಜ. ಅದಕ್ಕಿಂತ ದೊಡ್ಡ ಉಪಕಾರವೆಂದರೆ ನೀರು ಆವಿಯಾಗುವುದನ್ನು ತಡೆಯುವುದು. 30 ಅಡಿ ಉದ್ದದ ಒಂದು ಗೋಡಂಬಿ ಕೊಳ ತೆಗೆದುಕೊಳ್ಳಿ. ಒಂದು ಬದಿಯ ಅಗಲ 16 ಅಡಿ, ಇನ್ನೊಂದರದ್ದು 12 ಅಡಿ. ಎರಡು ಅಗಲಗಳನ್ನು ಕೂಡಿ, ಉದ್ದದಿಂದ ಗುಣಿಸಿ, ಬಂದದ್ದನ್ನು 0.45ರಿಂದ ಗುಣಿಸಿದರೆ ಸುಮಾರು 378 ಚದರಡಿ, ಅಂದರೆ 35 ಚದರ ಮೀಟರ್. ದಿನಕ್ಕೆ 5 ಮಿ.ಮೀ. ನೀರು ಇಳಿದರೆ 175 ಲೀಟರ್ ಹೋಯಿತು. ಅಷ್ಟು ನೀರು ಆವಿಯಾಗುವಾಗ ಒಯ್ಯುವ ಶಾಖ ಸುಮಾರು 118 ಯೂನಿಟ್ ಕರೆಂಟಿಗೆ ಸಮ. ಸರಾಸರಿ 4 ಅಡಿ ಆಳವಿದ್ದರೆ ಇಡೀ ಕೊಳವನ್ನು ಎರಡು ಡಿಗ್ರಿಗೂ ಹೆಚ್ಚು ತಣ್ಣಗಾಗಿಸಲು ಅಷ್ಟು ಸಾಕು. ಹಾಗಾಗಿ ರಾತ್ರಿ ಕವರ್ ಹಾಕುವುದನ್ನು ತಪ್ಪಿಸಬೇಡಿ.

ಕೊಳ್ಳುವಾಗ 400ರಿಂದ 500 ಮೈಕ್ರಾನ್ ದಪ್ಪದ, ಯುವಿ ತಡೆಯುವ ಪಾಲಿಥೀನ್ ಕವರನ್ನೇ ಕೇಳಿ. ನೀರು ಕಾಯಿಸುವುದೇ ಮುಖ್ಯವಾದರೆ ಪಾರದರ್ಶಕ ಕವರ್ ಗಾಢ ನೀಲಿಗಿಂತ ಮೇಲು, ಏಕೆಂದರೆ ಅದರಲ್ಲಿ ಹೆಚ್ಚು ಬೆಳಕು ನೀರಿಗಿಳಿಯುತ್ತದೆ. ಅಳತೆ ತೆಗೆಯುವುದು ಅತಿ ಉದ್ದದ ಮತ್ತು ಅತಿ ಅಗಲದ ಜಾಗದಲ್ಲಿ. ಮೆಟ್ಟಿಲಿನ ಭಾಗ ಹೊರಕ್ಕೆ ಚಾಚಿದ್ದರೆ ಅದನ್ನೂ ಸೇರಿಸಿ. ಎರಡೂ ಕಡೆಗೆ ಒಂದೊಂದಡಿ ಹೆಚ್ಚು ಬರಲಿ: ಮೇಲಿನ ಕೊಳಕ್ಕೆ 32 x 18 ಅಡಿ.

ಕತ್ತರಿಸುವ ಮೊದಲು ನೀರು ಸ್ಕಿಮ್ಮರ್ (ತೇಲುವ ಕಸವನ್ನು ಒಳಗೆಳೆಯುವ ಗೋಡೆಯ ಕಿಂಡಿ) ಬಾಯಿಯ ಅರ್ಧಕ್ಕಿರಲಿ. ಗುಳ್ಳೆಗಳು ನೀರಿನ ಕಡೆಗೆ ಬರುವಂತೆ ಕವರ್ ಹಾಸಿ, ಅಂಚು ದಡದ ಮೇಲೆ ಬಿದ್ದಿರಲು ಬಿಡಿ. ಎರಡು ಮೂರು ದಿನ ಬಿಸಿಲು ಕಾಯಲಿ. ಪೊಟ್ಟಣದ ಮಡಿಕೆಗಳು ಸಡಿಲವಾಗಿ, ಕವರ್ ಕುಗ್ಗುವಷ್ಟು ಕುಗ್ಗಿ ನಿಲ್ಲುತ್ತದೆ. ಈ ಕಾಯುವಿಕೆಯನ್ನು ಬಿಟ್ಟು ಮೊದಲ ದಿನವೇ ಅಳತೆಗೆ ಸರಿಯಾಗಿ ಕತ್ತರಿಸಿದರೆ ವಾರದೊಳಗೆ ಸುತ್ತಲೂ ಸಂದು ಬೀಳುತ್ತದೆ.

ಆಮೇಲೆ ಮಾರ್ಕರಿನಿಂದ ಕೊಳದ ಅಂಚನ್ನೇ ಅನುಸರಿಸಿ ಗೆರೆ ಹಾಕಿ. ಮೊದಲ ಸುತ್ತಿನಲ್ಲಿ ಗೆರೆಯಿಂದ ನಾಲ್ಕು ಬೆರಳು ಹೊರಗೆ ಕತ್ತರಿಸಿ. ಅಂಚನ್ನು ನೀರಿಗೆ ಬಿಟ್ಟು ನೋಡಿಕೊಂಡು, ಎರಡನೇ ಸುತ್ತಿನಲ್ಲಿ ಗೋಡೆಯಿಂದ ಒಂದೆರಡು ಸೆಂ.ಮೀ. ಒಳಗೆ ನಿಲ್ಲುವಂತೆ ಮುಗಿಸಿ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಸಾಕು, ಬ್ಲೇಡ್ ಬೇಡ. ಫೈಬರ್ ಕೊಳವಾದರೆ ಕೆಳಗಿನ ಮೈಗೆ ಗೀರು ಬೀಳುತ್ತದೆ, ಲೈನರ್ (ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ) ಕೊಳವಾದರೆ ಸೀಳುತ್ತದೆ. ಒಳಕ್ಕೆ ಬಾಗಿದ ಸೊಂಟದ ಭಾಗದಲ್ಲಿ ವಿಶೇಷ ಎಚ್ಚರ ಬೇಕು. ಅಲ್ಲಿ ಕವರ್ ಗೋಡೆಗೆ ಹತ್ತಿ ನಿಂತರೆ ಅಡಿಯಲ್ಲಿ ಗಾಳಿ ನುಗ್ಗಿ, ಒಂದು ಜೋರು ಗಾಳಿಗೆ ಅರ್ಧ ಕವರ್ ಮಗುಚುತ್ತದೆ. ಎರಡು ಬೆರಳಿನ ಸಂದಿನಿಂದ ಆಗುವ ನಷ್ಟ ಅಲ್ಪ; ಗೋಡೆ ಹತ್ತಿದ ಅಂಚಿನಿಂದ ಆಗುವುದು ದೊಡ್ಡದು. ಕತ್ತರಿಸಿದ ಚೂರುಗಳನ್ನು ಜಾಲರಿಯಿಂದ ತೆಗೆದ ನಂತರವೇ ಪಂಪ್ ಹಾಕಿ.

ಇಷ್ಟು ದೊಡ್ಡ ಕವರ್ ಒಣಗಿದ್ದಾಗಲೇ ಸುಮಾರು 16 ಕೆಜಿ ತೂಗುತ್ತದೆ, ನೀರು ಹಿಡಿದರೆ ಇನ್ನೂ ಭಾರ. ತೆಗೆಯುವುದು ಕಷ್ಟವಾದರೆ ಜನ ಹಾಕುವುದನ್ನೇ ಬಿಡುತ್ತಾರೆ. ಆದ್ದರಿಂದ ಸೊಂಟದಲ್ಲಿ ಅಡ್ಡಲಾಗಿ ಕತ್ತರಿಸಿ ಎರಡು ತುಂಡು ಮಾಡುವುದೇ ನಮ್ಮ ಸಲಹೆ. ತುಂಡುಗಳು ಅಂಚಿಗೆ ಅಂಚು ತಾಗಿ ತೇಲಲಿ, ಒಂದರ ಮೇಲೊಂದು ಬರಬಾರದು. ಮೇಲೇರಿದ ಪದರ ನೀರಿನ ತಂಪು ಸಿಗದೆ ಕಾದು, ಅದರ ಗುಳ್ಳೆಗಳು ಬೇಗ ಒಡೆಯುತ್ತವೆ. ಕವರ್ ಸುತ್ತಿಡುವ ರೋಲರ್ ಬಳಸುವುದಾದರೆ ಅದು ಕವರಿನ ಅತಿ ಅಗಲದ ಜಾಗಕ್ಕಿಂತ ಉದ್ದವಿರಬೇಕು. ದುಂಡು ತುದಿಗೆ ಕಟ್ಟುವ ಪಟ್ಟಿಗಳು ಮಧ್ಯದಲ್ಲಿ ಗಿಡ್ಡ, ಬದಿಗೆ ಹೋದಂತೆ ಉದ್ದ; ಎಲ್ಲ ಒಂದೇ ಉದ್ದವಾದರೆ ಸುತ್ತುವಾಗ ಸೊಟ್ಟಗಾಗುತ್ತದೆ. ಒಂದು ಬದಿಯಿಂದ ನೀರು ಹೊರಚೆಲ್ಲುವ ಇನ್ಫಿನಿಟಿ ಕೊಳವಾದರೆ ಆ ಬದಿಯಲ್ಲಿ ಅರ್ಧ ಅಡಿ ಬಿಟ್ಟು ಕತ್ತರಿಸಿ, ಎದುರು ದಡಕ್ಕೆ ಹಗ್ಗ ಕಟ್ಟಿ. ಇಲ್ಲದಿದ್ದರೆ ಹರಿವು ಕವರನ್ನೇ ಎಳೆದುಕೊಂಡು ಹೋಗುತ್ತದೆ.

ಬಿಸಿನೀರು ಮೇಲೇ ನಿಲ್ಲುವುದರಿಂದ ಹಗಲಿನಲ್ಲಿ ಪಂಪ್ ಓಡಿಸಿ. ನೀರು ಒಳಬರುವ ನಳಿಕೆಗಳನ್ನು ಕೆಳಮುಖ ಮಾಡಿ.

ಕವರುಗಳು ಹಾಳಾಗುವುದು ಹೆಚ್ಚಾಗಿ ಕ್ಲೋರಿನ್‌ನಿಂದ. ಕವರ್ ಹಾಕಿದಾಗ ಬಿಸಿಲಿಗೆ ಕ್ಲೋರಿನ್ ನಾಶವಾಗುವುದು ಕಡಿಮೆಯಾಗುತ್ತದೆ. ಹಳೆಯ ಪ್ರಮಾಣದಲ್ಲೇ ಹಾಕುತ್ತಾ ಹೋದರೆ ಅದು ಶೇಖರವಾಗಿ ಪ್ಲಾಸ್ಟಿಕ್ ತಿನ್ನುತ್ತದೆ; ಗುಳ್ಳೆಗಳು ಬೆಳ್ಳಗಾಗಿ ಪುಡಿಯಾಗುತ್ತವೆ. ಪರೀಕ್ಷಿಸಿ ಕ್ಲೋರಿನ್ ಅನ್ನು 1ರಿಂದ 3 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿಡಿ, ಪಿಎಚ್ 7.2ರಿಂದ 7.6. ಶಾಕ್ ಡೋಸ್ (ಒಮ್ಮೆಗೇ ಹೆಚ್ಚು ಕ್ಲೋರಿನ್) ಕೊಟ್ಟರೆ ಮಟ್ಟ ಇಳಿಯುವವರೆಗೆ ಕವರ್ ಹೊರಗಿರಲಿ. ಹೊರಗೆ ತೆಗೆದದ್ದನ್ನು ಮಡಿಸಿ ಬಿಸಿಲಲ್ಲಿ ಬಿಡಬೇಡಿ, ಪದರಗಳ ನಡುವೆ ಶಾಖ ತುಂಬಿ ಗುಳ್ಳೆಗಳು ಮೆತ್ತಗಾಗಿ ಅಂಟಿಕೊಳ್ಳುತ್ತವೆ. ನೆರಳಿಲ್ಲದಿದ್ದರೆ ಬಿಳಿ ಹೊದಿಕೆ ಹಾಕಿ. ಮಳೆಗಾಲದಲ್ಲಿ ಮೇಲೆ ನೀರು, ಸಿಲ್ವರ್ ಓಕ್ ಎಲೆ ತುಂಬಿ ಕವರ್ ಜಗ್ಗಿ ಕೂರುವುದರಿಂದ ತೊಳೆದು, ಒಣಗಿಸಿ, ಇಲಿ ಬಾರದ ಕಡೆ ಎತ್ತಿಡಿ.

ಸೋಲಾರ್ ಕವರ್ ಯಾರ ಭಾರವನ್ನೂ ತಡೆಯುವುದಿಲ್ಲ. ಮಗು ಕಾಲಿಟ್ಟರೆ ಕವರ್ ಜಾರಿ, ಮಗು ಅದರಡಿಗೆ ಹೋಗುತ್ತದೆ. ಮೇಲಿನಿಂದ ನೋಡಿದವರಿಗೆ ಕಾಣುವುದೂ ಇಲ್ಲ. ಎರಡು ತುಂಡಿದ್ದಾಗ ಒಂದನ್ನಷ್ಟೇ ಸರಿಸಿ ಈಜಲು ಬಿಡುವ ಅಭ್ಯಾಸ ಬೇಡವೇ ಬೇಡ. ಈಜುವ ಮೊದಲು ಎರಡೂ ತುಂಡು ದಡದ ಮೇಲಿರಬೇಕು, ಸುತ್ತಲಿನ ಬೇಲಿಗೆ ಚಿಲಕ ಇರಲೇಬೇಕು.