ಸ್ಟ್ಯಾಂಡ್‌ಬೈ ಫೈರ್‌ವಾಲನ್ನು ಯಾರೂ ಕೇಳಿರಲಿಲ್ಲ

ಒಂದು ಫೈರ್‌ವಾಲ್ ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆಯೇ ಎಂದು ನೋಡುವ ಫೇಲ್‌ಓವರ್ ಪರೀಕ್ಷೆಗೆ ಇನ್ನು ಇಪ್ಪತ್ತು ನಿಮಿಷವಿತ್ತು. ರಾತ್ರಿ ಹನ್ನೊಂದೂವರೆ ದಾಟಿತ್ತು. ತಂಡಕ್ಕೆ ಹೊಸದಾಗಿ ಸೇರಿದ್ದ ಸಹೋದ್ಯೋಗಿ ಪಕ್ಕದ ಮೇಜಿನಿಂದ, "ಸರ್, ಎರಡು ಫೈರ್‌ವಾಲ್‌ಗಳಲ್ಲಿ ಟೇಕ್ ಸಂಖ್ಯೆ ಬೇರೆ ಬೇರೆ ತೋರಿಸುತ್ತಿದೆ. ಹೀಗೆ ಇರಬಹುದೇ?" ಎಂದು ಕೇಳಿದರು. ಇರಬಾರದು. ಟೇಕ್ ಎಂದರೆ ಪ್ಯಾಚ್ ಕಟ್ಟಿನ ಬಿಡುಗಡೆ ಸಂಖ್ಯೆ. ಮೂರು ತಿಂಗಳ ಹಿಂದೆಯೇ ಎರಡಕ್ಕೂ ಪ್ಯಾಚ್ ಹಾಕಿ, ಟಿಕೆಟ್ ಮುಚ್ಚಿ, ಎಕ್ಸೆಲ್ ಶೀಟಿನಲ್ಲಿ ‘ಮುಗಿದಿದೆ’ ಎಂದು ಬರೆದವನು ನಾನೇ.

ಅವು ಚೆಕ್ ಪಾಯಿಂಟ್ ಫೈರ್‌ವಾಲ್‌ಗಳು. ಗಾಯಾ ಆಪರೇಟಿಂಗ್ ಸಿಸ್ಟಂ, ಆರ್81.10 ಆವೃತ್ತಿ, ಎರಡು ಸೇರಿ ಒಂದು ಕ್ಲಸ್ಟರ್: ಒಂದು ಆಕ್ಟಿವ್ ಆಗಿ ಕೆಲಸ ಮಾಡಿದರೆ ಇನ್ನೊಂದು ಸ್ಟ್ಯಾಂಡ್‌ಬೈ ಆಗಿ ಕಾಯುತ್ತದೆ. ಆ ಪ್ಯಾಚ್ ಸಾಮಾನ್ಯದ್ದಾಗಿರಲಿಲ್ಲ. 2024ರ ಮೇ ಕೊನೆಯ ವಾರದಲ್ಲಿ ಸಿವಿಇ-2024-24919 ಎಂಬ ದೋಷ ಹೊರಬಿದ್ದಿತ್ತು. ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರಲು ಬಳಸುವ ರಿಮೋಟ್ ಆಕ್ಸೆಸ್ ವಿಪಿಎನ್ ಅಥವಾ ಮೊಬೈಲ್ ಆಕ್ಸೆಸ್ ಚಾಲೂ ಇದ್ದ ಗೇಟ್‌ವೇಯಿಂದ, ಅಂದರೆ ಇಂಥ ಫೈರ್‌ವಾಲ್‌ನಿಂದ, ಲಾಗಿನ್ ಇಲ್ಲದೆಯೇ ಹೊರಗಿನವರು ಫೈಲ್‌ಗಳನ್ನು ಓದಬಹುದಿತ್ತು. ಪಾಸ್‌ವರ್ಡ್ ಹ್ಯಾಶ್‌ಗಳಿರುವ ಶ್ಯಾಡೋ ಫೈಲ್ ಕೂಡ ಅದರಲ್ಲಿ ಸೇರಿತ್ತು. ಮೇ 30ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದನ್ನು ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಕಂಪನಿ ಹಾಟ್‌ಫಿಕ್ಸ್ ಎಂಬ ತುರ್ತು ತಿದ್ದುಪಡಿ ಬಿಟ್ಟ ಕೂಡಲೇ ಎರಡು ರಾತ್ರಿ ಕೂತು ಹಾಕಿದ್ದೆವು.

ಆ ರಾತ್ರಿ ಮೊದಲು ನಂಬಿಕೆ ಬಾರದೆ ನಾನು ‘ಶೋ ವರ್ಷನ್ ಆಲ್’ ಆಜ್ಞೆ ಕೊಟ್ಟೆ. ಎರಡರಲ್ಲೂ ಆರ್81.10, ಒಂದೇ ಓಎಸ್ ಬಿಲ್ಡ್. ಹೊಸಬರು ಎಡವುವುದು ಇಲ್ಲಿಯೇ. ಈ ಆಜ್ಞೆ ಹೇಳುವುದು ಮೂಲ ಆವೃತ್ತಿಯನ್ನು. ಅದರ ಮೇಲೆ ಜಂಬೋ ಹಾಟ್‌ಫಿಕ್ಸ್ ಎಂಬ ದೊಡ್ಡ ಕಟ್ಟು ಕೂರುತ್ತದೆ. ಹಿಂದಿನ ತಿದ್ದುಪಡಿಗಳನ್ನೆಲ್ಲ ಒಳಗೊಂಡ ಆ ಕಟ್ಟಿನ ಒಂದೊಂದು ಬಿಡುಗಡೆಗೂ ಒಂದು ಟೇಕ್ ಸಂಖ್ಯೆ ಇರುತ್ತದೆ. ಅದರ ಮೇಲೆ, ತುರ್ತಿದ್ದಾಗ, ಒಂದೇ ದೋಷಕ್ಕೆಂದು ಮಾಡಿದ ಬಿಡಿ ಹಾಟ್‌ಫಿಕ್ಸ್ ಬರುತ್ತದೆ, ಅದೂ ನಿರ್ದಿಷ್ಟ ಟೇಕ್‌ಗೆ ಹೊಂದಿಕೊಂಡಂತೆ. ಆವೃತ್ತಿಯನ್ನಷ್ಟೇ ನೋಡಿ ‘ಪ್ಯಾಚ್ ಆಗಿದೆ’ ಎನ್ನುವುದು ಪುಸ್ತಕದ ರಟ್ಟು ನೋಡಿ ತಿದ್ದುಪಡಿಯ ಹಾಳೆ ಒಳಗಿದೆ ಎಂದಂತೆ.

ನನ್ನ ಸಹೋದ್ಯೋಗಿ ಓಡಿಸಿದ್ದು ‘ಇನ್‌ಸ್ಟಾಲ್ಡ್ ಜಂಬೋ ಟೇಕ್’. ಮೂರು ಪದಗಳ ನಡುವೆ ಅಡಿಗೆರೆ ಹಾಕಿ ಎಕ್ಸ್‌ಪರ್ಟ್ ಮೋಡ್ ಎಂಬ ಲಿನಕ್ಸ್ ಆಜ್ಞಾಸಾಲಿನಲ್ಲಿ ಬರೆಯುವ ಪುಟ್ಟ ಆಜ್ಞೆ. ಒಂದೇ ಸಾಲಿನಲ್ಲಿ ಟೇಕ್ ಸಂಖ್ಯೆ ಕೊಡುತ್ತದೆ. ಬಿಡಿ ಹಾಟ್‌ಫಿಕ್ಸ್ ಇದೆಯೇ ಎಂದು ತಿಳಿಯಬೇಕೆಂದರೆ ಅದು ಸಾಲದು. ನನಗೆ ನೆಚ್ಚಿಕೆಯದು ‘ಸಿಪಿಇನ್ಫೋ’ ಆಜ್ಞೆಗೆ ‘-ವೈ ಆಲ್’ ಸೇರಿಸಿದ ರೂಪ. ಫೈರ್‌ವಾಲ್, ಮ್ಯಾನೇಜ್‌ಮೆಂಟ್, ಮೊಬೈಲ್ ಆಕ್ಸೆಸ್ ಹೀಗೆ ಒಂದೊಂದು ಭಾಗದ ಹೆಸರೂ ಚೌಕ ಆವರಣದಲ್ಲಿ ಬಂದು, ಅದರ ಕೆಳಗೆ ಆ ಭಾಗಕ್ಕೆ ಹಾಕಿದ ಹಾಟ್‌ಫಿಕ್ಸ್‌ಗಳ ಪಟ್ಟಿ ಬರುತ್ತದೆ. ಜಂಬೋದ ಹೆಸರು ಮತ್ತೆ ಮತ್ತೆ ಕಾಣಿಸುವುದರಿಂದ ಮೊದಲ ಸಲ ನೋಡುವವರಿಗೆ ಗೊಂದಲವಾಗುತ್ತದೆ. ಆದರೂ ಪೂರ್ತಿ ಓದಬೇಕು. ನಾವು ಹುಡುಕುವ ಬಿಡಿ ಹೆಸರು ಒಂದೇ ಭಾಗದ ಕೆಳಗೆ ಅಡಗಿರಬಹುದು.

ಮೂರನೆಯದು ಗಾಯಾದ ಸ್ವಂತ ಆಜ್ಞಾಸಾಲಾದ ಕ್ಲಿಶ್‌ನಿಂದ ‘ಶೋ ಇನ್‌ಸ್ಟಾಲರ್ ಪ್ಯಾಕೇಜಸ್ ಇನ್‌ಸ್ಟಾಲ್ಡ್’. ಕೊನೆಯ ಪದದ ಬಗ್ಗೆ ಎಚ್ಚರ ಬೇಕು. ಅಲ್ಲಿ ‘ಇಂಪೋರ್ಟೆಡ್’ ಎಂದು ಕೇಳಿದರೆ ಫೈರ್‌ವಾಲ್ ಪೆಟ್ಟಿಗೆಯೊಳಗೆ ತಂದಿಟ್ಟ ಪ್ಯಾಕೇಜುಗಳು ಕಾಣಿಸುತ್ತವೆ, ಹಾಕಿದವಲ್ಲ. ತಂದಿಟ್ಟದ್ದನ್ನೇ ಹಾಕಿದ್ದೆಂದು ವರದಿ ಮಾಡಿದವರನ್ನು ನಾನು ಕಂಡಿದ್ದೇನೆ.

ಮೂರೂ ಒಂದೇ ಮಾತು ಹೇಳಿದವು. ಆ ಹೊತ್ತಿಗೆ ಆಕ್ಟಿವ್ ಆಗಿದ್ದ ಮೊದಲನೆಯ ಫೈರ್‌ವಾಲ್ ಸರಿಯಾಗಿತ್ತು. ಸ್ಟ್ಯಾಂಡ್‌ಬೈ ಆಗಿದ್ದ ಎರಡನೆಯದರಲ್ಲಿ ಏಪ್ರಿಲ್‌ನ ಟೇಕ್ ಇತ್ತು, ಬಿಡಿ ಹಾಟ್‌ಫಿಕ್ಸ್ ಇರಲೇ ಇಲ್ಲ.

ಕಾರಣ ಹುಡುಕಲು ಹತ್ತು ನಿಮಿಷ ಸಾಕಾಯಿತು. ಜುಲೈಯಲ್ಲಿ ರೂಟಿಂಗ್ ಬದಲಾವಣೆಯೊಂದು ಕೆಟ್ಟು ಎರಡನೆಯ ಪೆಟ್ಟಿಗೆ ತೊಂದರೆ ಕೊಟ್ಟಿತ್ತು. ಅಂದು ಬೇಗ ಸರಿಪಡಿಸಲೆಂದು ಹಳೆಯ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿದ್ದೆವು. ಸ್ನ್ಯಾಪ್‌ಶಾಟ್ ಎಂದರೆ ಇಡೀ ಸಿಸ್ಟಂ ವಿಭಾಗದ ಪ್ರತಿ; ಅದು ಕಾನ್ಫಿಗರೇಶನ್ ಜೊತೆಗೆ ಪ್ಯಾಚ್‌ಗಳನ್ನೂ ಆ ದಿನದ ಸ್ಥಿತಿಗೆ ಒಯ್ಯುತ್ತದೆ. ನಮ್ಮದು ಏಪ್ರಿಲ್‌ನದು. ರೂಟಿಂಗ್ ಸರಿಯಾಯಿತು, ಕ್ಲಸ್ಟರ್ ಸ್ಥಿತಿ ತೋರಿಸುವ ಆಜ್ಞೆಯಲ್ಲಿ ಒಂದು ಆಕ್ಟಿವ್, ಇನ್ನೊಂದು ಸ್ಟ್ಯಾಂಡ್‌ಬೈ ಎಂದು ನೆಮ್ಮದಿಯಾಗಿ ಬಂತು. ಮೇ ತಿಂಗಳ ಕೆಲಸ ಅಳಿಸಿಹೋದದ್ದು ನನಗೆ ಹೊಳೆಯಲಿಲ್ಲ. ಆ ತಪ್ಪು ನನ್ನದು.

ಆಗಸ್ಟ್ ಕೊನೆಯವರೆಗೆ ಏಕೆ ಸಿಗಲಿಲ್ಲ ಎಂಬುದು ನನ್ನನ್ನು ಇನ್ನೂ ಹೆಚ್ಚು ಕಾಡಿತು. ಪ್ರತಿ ತಿಂಗಳೂ ನಾವು ಪರಿಶೀಲಿಸುತ್ತಿದ್ದೆವು. ಆದರೆ ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಆಗುತ್ತಿದ್ದುದು ಕ್ಲಸ್ಟರ್‌ನ ವರ್ಚುವಲ್ ಐಪಿಗೆ, ಅಂದರೆ ಎರಡಕ್ಕೂ ಸೇರಿದ ಒಂದೇ ವಿಳಾಸಕ್ಕೆ. ಆ ವಿಳಾಸಕ್ಕೆ ಹೋದರೆ ಉತ್ತರ ಕೊಡುವುದು ಆಕ್ಟಿವ್ ಆಗಿರುವ ಪೆಟ್ಟಿಗೆ ಮಾತ್ರ. ನಾವು ಒಂದನ್ನೇ ಎರಡು ತಿಂಗಳು ಕೇಳಿ, ಎರಡರ ಪರವಾಗಿ ಸಹಿ ಹಾಕಿದ್ದೆವು. ಸ್ಟ್ಯಾಂಡ್‌ಬೈ ಇದ್ದುದರಿಂದ ಅಪಾಯವಿರಲಿಲ್ಲ ಎಂದೂ ಸಮಾಧಾನಪಡುವಂತಿರಲಿಲ್ಲ. ಕ್ಲಸ್ಟರ್‌ನ ಪ್ರತಿ ಸದಸ್ಯನಿಗೂ ತನ್ನದೇ ಐಪಿ ವಿಳಾಸ ಇರುತ್ತದೆ, ನಮ್ಮಲ್ಲಿ ಹೊರಗಿನ ಕಡೆಯದೂ ಇತ್ತು.

ಫೇಲ್‌ಓವರ್ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದೆ. ವ್ಯವಸ್ಥಾಪಕರಿಗೆ ಫೋನ್ ಮಾಡಿ ನಡೆದುದನ್ನು ನಡೆದಂತೆ ಹೇಳಿದೆ. ಅವರು ಬೈಯಲಿಲ್ಲ, "ಮೊದಲು ಮುಚ್ಚಿ, ಆಮೇಲೆ ಬರೆಯಿರಿ" ಎಂದರು. ಅಷ್ಟರಲ್ಲಿ ಹೊಸ ಜಂಬೋ ಟೇಕ್ ಬಂದಿತ್ತು, ಈ ದೋಷದ ಪರಿಹಾರ ಅದರಲ್ಲೇ ಸೇರಿತ್ತು. ಅದನ್ನು ಎರಡನೆಯ ಪೆಟ್ಟಿಗೆಗೆ ಹಾಕಿ ರೀಬೂಟ್ ಮಾಡಿದೆವು. ಡಿಸ್ಕ್ ಮೇಲೆ ಹೊಸ ಫೈಲ್ ಕೂತಿದ್ದರೂ ಓಡುತ್ತಿರುವುದು ಹಳೆಯದಾಗಿರಬಹುದು ಎಂಬ ಭಯ ನನಗೆ ಯಾವಾಗಲೂ ಇದೆ. ಆದ್ದರಿಂದ ಎದ್ದ ಮೇಲೆ ‘ಎಫ್‌ಡಬ್ಲ್ಯೂ ವರ್ -ಕೆ’ ಕೊಟ್ಟು, ಓಡುತ್ತಿರುವ ತಿರುಳು ಭಾಗವಾದ ಕರ್ನಲ್‌ನ ಬಿಲ್ಡ್ ಸಂಖ್ಯೆ ನೋಡಿದೆ, ‘ಅಪ್‌ಟೈಮ್’ ಕೊಟ್ಟು ರೀಬೂಟ್ ಆದದ್ದು ಪ್ಯಾಚ್ ಹಾಕಿದ ನಂತರವೇ ಎಂದು ಖಚಿತಪಡಿಸಿಕೊಂಡೆ. ಆಮೇಲೆ ಮೊದಲನೆಯದಕ್ಕೂ ಅದೇ ಟೇಕ್.

ಪ್ಯಾಚ್ ಹಾಕಿದರೆ ಅಷ್ಟು ದಿನ ಯಾರಾದರೂ ಓದಿಕೊಂಡು ಹೋಗಿದ್ದರೆ ಅದು ಮರಳುವುದಿಲ್ಲ. ಲಾಗ್‌ಗಳಲ್ಲಿ ಅನುಮಾನದ ಕುರುಹು ಕಾಣಲಿಲ್ಲವಾದರೂ ಫೈರ್‌ವಾಲ್‌ನ ಸ್ಥಳೀಯ ಬಳಕೆದಾರರ ಪಾಸ್‌ವರ್ಡ್‌ಗಳನ್ನೂ, ಅದು ಬಳಕೆದಾರರ ಖಾತೆಗಳಿರುವ ಆಕ್ಟಿವ್ ಡೈರೆಕ್ಟರಿಗೆ ಸೇರಲು ಬಳಸುವ ಖಾತೆಯ ಪಾಸ್‌ವರ್ಡನ್ನೂ ಎರಡನೆಯ ಬಾರಿಗೆ ಬದಲಿಸಿದೆವು. ಮೇಯಲ್ಲಿ ಇದನ್ನೇ ಮಾಡಿದ್ದೆವು ಎಂದು ಕೆಲವರು ಗೊಣಗಿದರು. ನಾನು ಮಣಿಯಲಿಲ್ಲ.

ಈಗ ಪರಿಶೀಲನೆಯ ಪಟ್ಟಿಯಲ್ಲಿ ವರ್ಚುವಲ್ ಐಪಿ ಇಲ್ಲ. ಪ್ರತಿ ಸದಸ್ಯನ ಸ್ವಂತ ಮ್ಯಾನೇಜ್‌ಮೆಂಟ್ ವಿಳಾಸಕ್ಕೆ ಹೋಗಿ, ಆ ಆಜ್ಞೆಗಳ ಉತ್ತರವನ್ನು ದಿನಾಂಕದ ಹೆಸರಿನ ಫೈಲಿನಲ್ಲಿ ಉಳಿಸಿ, ಹಿಂದಿನ ತಿಂಗಳದರೊಂದಿಗೂ ಜೊತೆಯ ಪೆಟ್ಟಿಗೆಯದರೊಂದಿಗೂ ಸಾಲು ಸಾಲಾಗಿ ಹೋಲಿಸುತ್ತೇವೆ. ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿದ ದಿನವೇ ಇನ್ನೊಮ್ಮೆ. ಶೀಟಿನಲ್ಲಿದ್ದ ‘ಮುಗಿದಿದೆ’ ಎಂಬ ಕಾಲಮ್ಮನ್ನು ತೆಗೆದುಹಾಕಿ ಆ ಫೈಲಿನ ಹೆಸರು ಬರೆಯುವ ಜಾಗ ಮಾಡಿದ್ದೇವೆ. ಅದರ ಮೊದಲ ನಮೂದನ್ನು ಆ ರಾತ್ರಿ ಮೂರು ಗಂಟೆಗೆ ನನ್ನ ಸಹೋದ್ಯೋಗಿಯೇ ಬರೆದರು. ಎರಡು ಫೈಲ್‌ಗಳನ್ನು ಹೋಲಿಸಿದಾಗ ವ್ಯತ್ಯಾಸವಿದ್ದದ್ದು ಪೆಟ್ಟಿಗೆಯ ಹೆಸರು ಮತ್ತು ಅಪ್‌ಟೈಮ್ ಎರಡರಲ್ಲಿ ಮಾತ್ರ. ಅದಾದ ಮೇಲೆ ಫೇಲ್‌ಓವರ್ ಪರೀಕ್ಷೆ ಮಾಡಿದೆವು.